ಕಾಯ್ಕಿಣಿಯಿಂದ ಕಿಶ್ ದ್ವೀಪಕ್ಕೆ ಒಂದು ಪ್ರಾಜೆಕ್ಟ್

ಪದವಿಯ ಕೊನೆಯ ವರ್ಷದಲ್ಲೋ ಎಂ.ಎ. ನಾಲ್ಕನೇ ಸೆಮಿಸ್ಟರಿನಲ್ಲೋ ಪ್ರಾಜೆಕ್ಟ್ ಮಾಡಬೇಕಾಗಿ ಬಂದ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಅಂತಾರಾಷ್ಟ್ರೀಯ ಸಂಬಂಧಗಳ ಕಡೆಗೆ ವಾಲಿದರೆ ಅವರ ಶೀರ್ಷಿಕೆಗಳನ್ನು ನೋಡದೆಯೇ ಊಹಿಸಬಹುದು. ‘ಭಾರತ–ಚೀನಾ ಸಂಬಂಧಗಳು: ಒಂದು ಅಧ್ಯಯನ’, ‘ಭಾರತದ ವಿದೇಶಾಂಗ ನೀತಿ: ಒಂದು ಅವಲೋಕನ’, ‘ವಿಶ್ವಸಂಸ್ಥೆಯ ಪಾತ್ರ: ಒಂದು ವಿಶ್ಲೇಷಣೆ’. ಮುಖಪುಟದ ಮೇಲೆ ಆ ‘ಒಂದು’ ಇರಲೇಬೇಕು. ಒಳಗೆ ನೆಹರೂ, ಪಂಚಶೀಲ, 1962, ಗಲ್ವಾನ್. ಕೊನೆಯ ಅಧ್ಯಾಯದಲ್ಲಿ ಎರಡೂ ದೇಶಗಳು ಮಾತುಕತೆಯಿಂದ ಬಿಕ್ಕಟ್ಟು ಬಗೆಹರಿಸಿಕೊಳ್ಳಬೇಕೆಂಬ ಸಲಹೆ. ಬೀಜಿಂಗ್ ಈ ಸಲಹೆಗಾಗಿ ಕಾದು ಕೂತಿಲ್ಲ ಎಂಬುದು ಬರೆದವರಿಗೂ ಗೊತ್ತು, ಸಹಿ ಹಾಕುವ ಗೈಡಿಗೂ ಗೊತ್ತು.

ಇದನ್ನು ಹುಡುಗರ ಸೋಮಾರಿತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಂತಾರಾಷ್ಟ್ರೀಯ ಅನ್ನುವುದೆಲ್ಲ ದಿಲ್ಲಿಯಲ್ಲಿ ನಡೆಯುತ್ತದೆ, ನಮ್ಮ ಪಾಲಿಗಿರುವುದು ಅದನ್ನು ಪೇಪರಿನಲ್ಲಿ ಓದುವುದು ಮಾತ್ರ ಎಂದು ಕಲಿಸಿದವರು ನಾವೇ. ಈ ಶಾಸ್ತ್ರ ನಮ್ಮ ದೇಶದಲ್ಲಿ ಬೇರು ಬಿಟ್ಟ ರೀತಿಯೂ ಹಾಗೇ ಇದೆ. 1955ರಲ್ಲಿ ದಿಲ್ಲಿಯ ಸಪ್ರೂ ಹೌಸಿನಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಶುರುವಾಯಿತು. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ಪಠ್ಯಪುಸ್ತಕಗಳೂ ಪ್ರಶ್ನೆಗಳೂ ಬಹುಮಟ್ಟಿಗೆ ಅಲ್ಲಿಂದಲೇ ಇಳಿದುಬಂದವು. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75 ಅಂಕ ಪಡೆದವರಿಗೆ ನಾಲ್ಕನೇ ವರ್ಷ 12 ಕ್ರೆಡಿಟ್ಟಿನ ಸಂಶೋಧನೆ ಎಂದಿತ್ತು. ವರ್ಷ ಎಷ್ಟೇ ಇರಲಿ, ಕ್ರೆಡಿಟ್ ಎಷ್ಟೇ ಇರಲಿ, ಪ್ರಾಜೆಕ್ಟ್ ಎಂಬುದು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ವಿಷಯ ಆರಿಸುವ ದಿನ ಮಾತ್ರ ಕೈಕಾಲು ಆಡುವುದಿಲ್ಲ.

ಆ ದಿನ ಕಾಯ್ಕಿಣಿಯ ಒಬ್ಬ ವಿದ್ಯಾರ್ಥಿನಿಗೆ ಏನು ಹೇಳಬಹುದು ಎಂಬುದಷ್ಟೇ ಈ ಬರಹ.

ಕಾಯ್ಕಿಣಿ ಭಟ್ಕಳ ತಾಲ್ಲೂಕಿನ ಊರು, ಮುರ್ಡೇಶ್ವರದ ಮಗ್ಗುಲಲ್ಲೇ ಇದೆ. ನಾಡಿನ ಓದುಗರಿಗೆ ಅದು ಗೌರೀಶರ, ಜಯಂತರ ಹೆಸರಿನ ಜೊತೆ ಬರುವ ಅಡ್ಡಹೆಸರಾಗಿ ಗೊತ್ತೇ ಹೊರತು ಊರಾಗಿ ಅಷ್ಟು ಗೊತ್ತಿಲ್ಲ. (ಗೌರೀಶ ಕಾಯ್ಕಿಣಿಯವರು ಗೋಕರ್ಣದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದುಕೊಂಡೇ ಎಂ.ಎನ್. ರಾಯ್ ಅವರ ವಿಚಾರಗಳನ್ನೂ ಹೊರಲೋಕದ ಚಿಂತಕರನ್ನೂ ಕನ್ನಡದ ಓದುಗರಿಗೆ ತಲುಪಿಸಿದವರು. ಲೋಕದ ಸುದ್ದಿ ತಿಳಿಯಲು ದಿಲ್ಲಿಯ ರೈಲು ಹತ್ತಬೇಕು ಎಂದು ಅವರಿಗೆ ಅನ್ನಿಸಿದಂತಿಲ್ಲ.) ಇಲ್ಲಿಂದ ತೆಂಕಕ್ಕೆ ಭಟ್ಕಳ, ಬಡಗಕ್ಕೆ ಹೊನ್ನಾವರ, ಕುಮಟಾ. ಈ ಕರಾವಳಿ ಪಟ್ಟಿಯಲ್ಲಿ ಮನೆಗೊಬ್ಬರಲ್ಲದಿದ್ದರೂ ಕೇರಿಗೊಬ್ಬರು ‘ದುಬೈಯಲ್ಲಿದ್ದಾರೆ’. ಆ ಮಾತಿಗೆ ಶಾರ್ಜಾ, ಮಸ್ಕತ್, ದಮ್ಮಾಮ್ ಎಲ್ಲವೂ ಸೇರುತ್ತವೆ. ಭಟ್ಕಳದ ನವಾಯತರಿಗೆ ಅರಬ್ಬಿ ಕಡಲಿನ ಆಚೆ ದಂಡೆ ನೂರಾರು ವರ್ಷಗಳ ನಂಟು. ಆದರೆ ಅಂಗಡಿ, ವ್ಯಾಪಾರ ಇಟ್ಟವರ ಸುದ್ದಿಯಾದಷ್ಟು ಅಲ್ಲಿ ದೋಣಿಯಲ್ಲಿ ದುಡಿಯುವವರ ಸುದ್ದಿ ಆಗುವುದಿಲ್ಲ.

ಒಂದು ಸಲ ಆಯಿತು. 2018ರ ಜುಲೈ ಕೊನೆಯಲ್ಲಿ, ದುಬೈಯ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದ ಉತ್ತರ ಕನ್ನಡದ 18 ಮೀನುಗಾರರನ್ನು ಇರಾನಿನ ಕಾವಲು ಪಡೆ ತನ್ನ ಜಲಗಡಿ ದಾಟಿ ಬಂದರೆಂದು ಹಿಡಿದು ಕಿಶ್ ದ್ವೀಪಕ್ಕೆ ಒಯ್ದಿತು. ಅವರು ಕುಮಟಾ, ಹೊನ್ನಾವರ, ಭಟ್ಕಳ ಕರಾವಳಿಯವರು. ಮನೆಯವರು ಮನವಿ ಹಿಡಿದು ಓಡಾಡಿದರು, ಜಿಲ್ಲಾಡಳಿತ ಮೇಲಕ್ಕೆ ಪತ್ರ ಬರೆಯಿತು, ವಿದೇಶಾಂಗ ಸಚಿವಾಲಯದವರೆಗೆ ವಿಷಯ ಹೋಯಿತು. ತಿಂಗಳುಗಟ್ಟಲೆ ಕಾದ ಮೇಲೆ ಅವರ ಬಿಡುಗಡೆಯಾಯಿತು. ಪತ್ರಿಕೆಗಳಲ್ಲಿ ನಾಲ್ಕಾರು ಕಾಲಂ ಸುದ್ದಿ, ಅಷ್ಟೇ. ನನಗೆ ತಿಳಿದಂತೆ ಅಂತಾರಾಷ್ಟ್ರೀಯ ಸಂಬಂಧಗಳ ಬಹುಪಾಲು ಪಾಠಗಳು ಈ ಒಂದು ಘಟನೆಯೊಳಗೇ ಇವೆ, ಅದೂ ಬಸ್ಸಿನಲ್ಲಿ ಹೋಗಿ ಮಾತಾಡಿಸಬಹುದಾದ ದೂರದಲ್ಲಿ.

ಕಾನೂನಿನಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿಯೇ ಗಂಟು ಬಿಗಿಯಾಗಿರುವುದು. ಕಡಲ ಕಾನೂನಿನ ಮೇಲಿನ ವಿಶ್ವಸಂಸ್ಥೆಯ 1982ರ ಒಡಂಬಡಿಕೆ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿಯವರೆಗೆ ಆ ದೇಶದ ಪೂರ್ಣ ಅಧಿಕಾರ, 200 ಮೈಲಿಯವರೆಗೆ ಮೀನು ಮುಂತಾದ ಸಂಪತ್ತಿನ ಮೇಲಿನ ಹಕ್ಕು. ಹೊರಗಿನ ವಲಯದಲ್ಲಿ ಬೇರೆ ದೇಶದ ದೋಣಿ ಅಕ್ರಮವಾಗಿ ಮೀನು ಹಿಡಿದರೆ ಹಿಡಿದು ನಿಲ್ಲಿಸಬಹುದು. ಆದರೆ ತಕ್ಕ ಜಾಮೀನು ಕಟ್ಟಿದರೆ ದೋಣಿಯನ್ನೂ ಜನರನ್ನೂ ಬೇಗ ಬಿಡಬೇಕು, ಬೇರೆ ಒಪ್ಪಂದವಿಲ್ಲದಿದ್ದರೆ ಜೈಲುಶಿಕ್ಷೆ ಕೊಡುವಂತಿಲ್ಲ ಎನ್ನುತ್ತದೆ 73ನೇ ವಿಧಿ. ಇದನ್ನು ಓದಿದ ವಿದ್ಯಾರ್ಥಿನಿ ‘ಇರಾನ್ ಒಡಂಬಡಿಕೆ ಮುರಿಯಿತು’ ಎಂದು ಬರೆದು ಅಧ್ಯಾಯ ಮುಗಿಸಿಬಿಡುವ ಸಂಭವ ಹೆಚ್ಚು. ಅಲ್ಲಿ ಕೈ ತಡೆಯಬೇಕು. ಇರಾನ್ ಆ ಒಡಂಬಡಿಕೆಗೆ 1982ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಯುಎಇ ಕೂಡ ಹಾಗೇ. ಅನುಮೋದಿಸಿರುವುದು ಭಾರತ, 1995ರಲ್ಲಿ. ಇರಾನಿಗೆ 1993ರ ತನ್ನದೇ ಕಡಲ ಕಾಯ್ದೆ ಇದೆ. ಜೊತೆಗೆ ದೋಣಿ ಇದ್ದದ್ದು 12 ಮೈಲಿಯ ಒಳಗಾದರೆ 73ನೇ ವಿಧಿಯ ಮಾತೇ ಬರುವುದಿಲ್ಲ.

ಇನ್ನೊಂದು ತೊಡಕು ಭೂಪಟ ತೆರೆದರೆ ಕಾಣುತ್ತದೆ. 200 ನಾಟಿಕಲ್ ಮೈಲಿ ಎಂದರೆ ಸುಮಾರು 370 ಕಿಲೋಮೀಟರ್. ಪರ್ಷಿಯನ್ ಕೊಲ್ಲಿ ಅತಿ ಅಗಲವಿರುವ ಕಡೆಯೂ ಸುಮಾರು 340 ಕಿಲೋಮೀಟರೇ. ಒಂದೇ ದೇಶದ ವಲಯಕ್ಕೂ ಅಲ್ಲಿ ಜಾಗ ಸಾಲದು ಎಂದ ಮೇಲೆ ನಡುವೆ ಗೆರೆ ಎಳೆದೇ ಹಂಚಿಕೊಳ್ಳಬೇಕು. ದುಬೈ ಮತ್ತು ಇರಾನ್ ನಡುವೆ ಕಡಲತಳದ ಗಡಿಯ ಬಗ್ಗೆ 1974ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಇರಾನ್ ಅನುಮೋದಿಸಿತು, ಯುಎಇ ಅನುಮೋದಿಸಲಿಲ್ಲ. ಹತ್ತಿರದಲ್ಲೇ ಇರುವ ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳ ಜಗಳ 1971ರಿಂದ ಹಾಗೇ ಇದೆ. ದೋಣಿ ನಡೆಸುವ ನಮ್ಮ ತಾಂಡೇಲ ದಾಟಿದನೆಂದು ಹೇಳಿದ ಗೆರೆಯ ಬಗ್ಗೆ ಆಚೀಚೆಯ ಎರಡು ಸರ್ಕಾರಗಳೇ ಪೂರ್ತಿ ಒಪ್ಪಿಕೊಂಡಿಲ್ಲ ಎಂದಾಯಿತು. ಮೀನಿನ ಹಿಂದೆ ಹೋದವನಿಗೆ ಅದು ಎಲ್ಲಿಂದ ಗೊತ್ತಾಗಬೇಕು?

ದೋಣಿಗೆ ಬಾವುಟವಿದೆ, ಮನುಷ್ಯನಿಗೆ ಪಾಸ್‌ಪೋರ್ಟ್ ಇದೆ. ಇಲ್ಲಿ ಎರಡೂ ಬೇರೆ ಬೇರೆ ದೇಶದವು. ಕಡಲ ಕಾನೂನಿನಲ್ಲಿ ಜಾಮೀನು ಕೊಟ್ಟು ಬಿಡಿಸುವ ಹಕ್ಕು ಬಾವುಟದ ದೇಶದ್ದು, ಅಂದರೆ ಯುಎಇಯದ್ದು. ಭಾರತಕ್ಕಿರುವುದು 1963ರ ವಿಯೆನ್ನಾ ಕಾನ್ಸುಲರ್ ಒಡಂಬಡಿಕೆಯ 36ನೇ ವಿಧಿ ಕೊಡುವ ದಾರಿ: ತನ್ನ ಪ್ರಜೆ ಬಂಧನದಲ್ಲಿದ್ದರೆ ಭೇಟಿಯಾಗಿ ಮಾತಾಡುವ, ವಕೀಲರನ್ನು ಏರ್ಪಡಿಸುವ ಹಕ್ಕು. ಇದಕ್ಕೆ ಭಾರತ, ಇರಾನ್ ಎರಡೂ ಬದ್ಧ. ಕುಲಭೂಷಣ ಜಾಧವ್ ಪ್ರಕರಣದಲ್ಲಿ 2019ರ ಜುಲೈನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ವಿರುದ್ಧ ಎತ್ತಿ ಹಿಡಿದದ್ದು ಇದೇ ವಿಧಿಯನ್ನು. ಜಾಧವ್ ಹೆಸರು ಟಿವಿಯಿಂದಾಗಿ ಮನೆಮನೆಗೆ ಗೊತ್ತು. ಅದೇ ವಿಧಿಯಡಿ ಬರಬೇಕಾದ ಹದಿನೆಂಟು ಮಂದಿಯ ಹೆಸರು ಅವರ ಊರಿನಾಚೆ ಯಾರಿಗೂ ತಿಳಿದಿಲ್ಲ.

ಇಷ್ಟಾದ ಮೇಲೆ ಪ್ರಶ್ನೆ ತಾನಾಗಿ ಸಣ್ಣದಾಗುತ್ತದೆ. ‘ಭಾರತ–ಇರಾನ್ ಸಂಬಂಧಗಳು’ ಬೇಡ. ‘ಗಲ್ಫಿನಲ್ಲಿ ಭಾರತೀಯ ಮೀನುಗಾರರು’ ಎಂಬುದೂ ಒಬ್ಬ ವಿದ್ಯಾರ್ಥಿನಿಯ ಒಂದು ವರ್ಷಕ್ಕೆ ಹೆಚ್ಚಾಯಿತು. 2018ರ ಬಂಧನದಿಂದ ಬಿಡುಗಡೆಯವರೆಗೆ ಯಾರು ಯಾರ ಜೊತೆ ಮಾತಾಡಿದರು, ಯಾವ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ? ಇಷ್ಟು ಸಾಕು. ಮನೆಯವರು, ದುಬೈಯಲ್ಲಿರುವ ಸಂಬಂಧಿಕರು, ದೋಣಿಯ ಒಡೆಯ ಅರ್ಬಾಬ್, ದುಬೈಯ ಭಾರತೀಯ ಕಾನ್ಸುಲೇಟ್, ತೆಹರಾನಿನ ರಾಯಭಾರ ಕಚೇರಿ, ಬಂದರ್ ಅಬ್ಬಾಸಿನ ಕಾನ್ಸುಲೇಟ್, ಕಾರವಾರದ ಜಿಲ್ಲಾಡಳಿತ, ಸಂಸದರು, ದಿಲ್ಲಿ. ಈ ಸರಪಳಿಯ ಪ್ರತಿಯೊಂದು ಕೊಂಡಿಗೂ ಒಂದು ದಿನಾಂಕ, ಒಂದು ಕಾಗದ ಅಥವಾ ಒಬ್ಬ ಸಾಕ್ಷಿ ಹುಡುಕುವುದೇ ಸಂಶೋಧನೆ. ಮಿಕ್ಕದ್ದು ಓದು.

ಥಿಯರಿ ಅಧ್ಯಾಯದ ಬಗ್ಗೆ ಗೈಡುಗಳು ಒತ್ತಾಯ ಮಾಡುತ್ತಾರೆ, ಮಾಡಲಿ. ಆದರೆ ಮಾರ್ಗೆಂಥೋ ಅವರ ಆರು ಸೂತ್ರಗಳನ್ನು ಅಂಟಿಸಿ ಮುಂದಿನ ಪುಟದಲ್ಲಿ ಮರೆತುಬಿಡುವುದಾದರೆ ಆ ಅಧ್ಯಾಯ ಬೇಡವೇ ಬೇಡ. ಇಲ್ಲಿ ಉಪಯೋಗಕ್ಕೆ ಬರುವುದು ಬೇರೆ ವಿಚಾರ: ರಾಜ್ಯ ತನ್ನ ಪ್ರಜೆಯ ಹಿಂದೆ ಎಲ್ಲಿಯವರೆಗೆ ಹೋಗುತ್ತದೆ, ಯಾವ ಬಗೆಯ ಪ್ರಜೆಯ ಹಿಂದೆ ಹೋಗುತ್ತದೆ. 1990ರಲ್ಲಿ ಕುವೈತ್ ಬಿಕ್ಕಟ್ಟಾದಾಗ ಭಾರತ ಸುಮಾರು 1.7 ಲಕ್ಷ ಜನರನ್ನು ವಿಮಾನದಲ್ಲಿ ಕರೆತಂದಿತು. ಅಷ್ಟು ದೊಡ್ಡ ಕೆಲಸ ಮಾಡಬಲ್ಲ ರಾಜ್ಯಕ್ಕೆ ಹದಿನೆಂಟು ಮಂದಿಯನ್ನು ಬಿಡಿಸಲು ತಿಂಗಳುಗಳು ಬೇಕಾದವು ಎಂದರೆ ಅದು ನಿರ್ಲಕ್ಷ್ಯವೋ, ಕಾನೂನಿನ ಮಿತಿಯೋ, ಇನ್ನೊಂದು ದೇಶದ ಕೋರ್ಟಿನ ನಿಧಾನವೋ? ಮೂರೂ ಇರಬಹುದು. ಉತ್ತರ ಮೊದಲೇ ಗೊತ್ತಿದ್ದರೆ ಪ್ರಾಜೆಕ್ಟ್ ಬೇಕಾಗಿಲ್ಲ.

ಇಲ್ಲಿ ಎರಡು ಆಮಿಷಗಳಿವೆ. 2018ರ ಮೇ ತಿಂಗಳಲ್ಲಿ ಅಮೆರಿಕ ಇರಾನಿನ ಅಣು ಒಪ್ಪಂದದಿಂದ ಹೊರಬಿತ್ತು, ನಿರ್ಬಂಧಗಳು ಮತ್ತೆ ಜಾರಿಯಾದವು, ಭಾರತ ಇರಾನಿನ ತೈಲ ಕೊಳ್ಳುವುದೋ ಬಿಡುವುದೋ ಎಂಬ ಚರ್ಚೆ ನಡೆದಿತ್ತು. ಜುಲೈನಲ್ಲಿ ನಮ್ಮವರ ಬಂಧನ. ಇವೆರಡಕ್ಕೂ ಗಂಟು ಹಾಕಿದರೆ ಓದಲು ಬಹಳ ಚೆನ್ನಾಗಿರುತ್ತದೆ. ಆದರೆ ಪುರಾವೆ? ತಿಂಗಳುಗಳು ಪಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು. ಎರಡನೆಯದು ಇನ್ನೂ ಸಲೀಸು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಇಲ್ಲಿ ಕೆಲಸವಿಲ್ಲ, ಅದಕ್ಕೇ ಅಲ್ಲಿಗೆ ಹೋದರು, ಸಿಕ್ಕಿಬಿದ್ದರು ಎಂಬ ತರ್ಕ ಬಾಯಿಗೆ ಬಂದೇಬಿಡುತ್ತದೆ. ದುಬೈಯ ದೋಣಿಗೆ ಹೋಗುವವನು ಎರಡು ತಿಂಗಳ ಬಿಡುವಿಗೆ ಹೋಗುವುದಿಲ್ಲ, ವೀಸಾ ಮಾಡಿಸಿ ವರ್ಷಗಟ್ಟಲೆ ಹೋಗುತ್ತಾನೆ. ಇದು ಪುಸ್ತಕದಿಂದ ತಿಳಿಯುವುದಿಲ್ಲ. ತೆಂಗಿನಗುಂಡಿಯಲ್ಲೋ ಅಳ್ವೆಕೋಡಿಯಲ್ಲೋ ಬಲೆ ನೇಯುತ್ತ ಕೂತ ಯಾರನ್ನೇ ಕೇಳಿದರೂ ತಿಳಿಯುತ್ತದೆ.

ಆ ನಿಷೇಧದ ಎರಡು ತಿಂಗಳು ಸಂಶೋಧಕರಿಗೆ ಬಂಗಾರ. ಗಂಡಸರು ದಡದ ಮೇಲಿರುತ್ತಾರೆ, ಬಲೆ ರಿಪೇರಿ, ದೋಣಿ ರಿಪೇರಿ ನಡೆದಿರುತ್ತದೆ, ಮಾತಿಗೆ ಹೊತ್ತಿರುತ್ತದೆ. ಆಗಸ್ಟ್ ಬಂತೆಂದರೆ ಯಾರೂ ಕೈಗೆ ಸಿಗುವುದಿಲ್ಲ. ಕಾಲೇಜಿನ ವೇಳಾಪಟ್ಟಿ ಇದಕ್ಕೆ ಹೊಂದುವುದಿಲ್ಲ ಎಂಬುದು ನಿಜ. ಆದರೆ ಸಿನಾಪ್ಸಿಸ್ ಒಪ್ಪಿಗೆಯಾಗುವವರೆಗೆ ಯಾರನ್ನೂ ಮಾತಾಡಿಸಬಾರದು ಎಂಬ ನಿಯಮವನ್ನು ನಾನಂತೂ ಎಲ್ಲೂ ಕಂಡಿಲ್ಲ. ಗಲ್ಫಿನಿಂದ ರಜೆಯ ಮೇಲೆ ಬಂದವರ ಲೆಕ್ಕ ಬೇರೆ. ಹಬ್ಬಕ್ಕೆ, ಮದುವೆಗೆ, ಜಾತ್ರೆಗೆ ಬಂದವರು ಮೊದಲ ವಾರ ನೆಂಟರ ಮನೆ ಸುತ್ತುತ್ತಾರೆ. ಎರಡನೇ ವಾರ ಕೇಳಬೇಕು.

ದಿಲ್ಲಿಯ ಸಂಶೋಧಕನಿಗೆ ಇಲ್ಲದ್ದು ಈ ಹುಡುಗಿಗೆ ಇಲ್ಲಿ ಇದೆ: ಭಾಷೆ. ಖಾರ್ವಿಗಳ ಮನೆಯಲ್ಲಿ ಕೊಂಕಣಿ, ಮೊಗೇರರ ಕೇರಿಯಲ್ಲಿ ಅಲ್ಲಿಯ ಕನ್ನಡ, ಭಟ್ಕಳದ ಪೇಟೆಯಲ್ಲಿ ನವಾಯತಿ. ಮಾತು ಗೊತ್ತಿದ್ದರೆ ಬಾಗಿಲು ತೆರೆಯುತ್ತದೆ, ಆದರೆ ಮಾತು ಗೊತ್ತಿದ್ದ ಮಾತ್ರಕ್ಕೆ ಎಲ್ಲವನ್ನೂ ಕೇಳುವ ಹಕ್ಕು ಬರುವುದಿಲ್ಲ. ಹೊರಗಿನಿಂದ ಬಂದು ಗಲ್ಫಿನ ಹಣದ ಬಗ್ಗೆ ಕೇಳುವವರನ್ನು ಈ ಭಾಗದ ಜನ ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣವಿದೆ. ಭಟ್ಕಳ ಎಂಬ ಹೆಸರನ್ನು ಟಿವಿ ಚಾನೆಲ್‌ಗಳು ಬಳಸಿದ ರೀತಿಯನ್ನು ಯಾರೂ ಮರೆತಿಲ್ಲ. ಸಂಬಳ ಎಷ್ಟು, ವೀಸಾಕ್ಕೆ ಎಷ್ಟು ಕೊಟ್ಟೆ ಎಂಬುದು ಮೊದಲ ಭೇಟಿಯ ಪ್ರಶ್ನೆಗಳಲ್ಲ. ಬಿಡುಗಡೆಯಾದವರಲ್ಲಿ ಮತ್ತೆ ಅಲ್ಲಿಗೇ ದುಡಿಯಲು ಹೋದವರಿರಬಹುದು. ಅವರ ಒಂದು ಮಾತು ವರದಿಯಲ್ಲಿ ಹೆಸರು ಸಮೇತ ಬಂದು, ಅದು ಅರ್ಬಾಬನ ಕಿವಿಗೆ ಬಿದ್ದರೆ ಹೋಗುವುದು ಅವರ ಕೆಲಸ, ನಮ್ಮ ಅಂಕವಲ್ಲ. ಹೆಸರು ಬದಲಿಸಿ, ಊರನ್ನು ತಾಲ್ಲೂಕಿನ ಮಟ್ಟದಲ್ಲಿ ಮಾತ್ರ ಹೇಳಿ, ರೆಕಾರ್ಡಿಂಗನ್ನು ಯಾವ ಗ್ರೂಪಿಗೂ ಹಾಕಬೇಡಿ. ಬೇಡ ಎಂದವರನ್ನು ಬಿಟ್ಟುಬಿಡಿ.

ಒಬ್ಬರಿಂದ ಇನ್ನೊಬ್ಬರ ಪರಿಚಯ ಮಾಡಿಕೊಳ್ಳುತ್ತ ಹೋಗುವುದು ಇಂಥ ಕಡೆ ಅನಿವಾರ್ಯ. ಆದರೆ ಹಾಗೆ ಹೋದಾಗ ಒಂದೇ ಜಾತಿಯ, ಒಂದೇ ಬಂದರಿನ, ಒಂದೇ ಪಕ್ಷದ ಜನರೇ ಸಿಗುವ ಅಪಾಯವಿದೆ. ಹೊನ್ನಾವರದ ಕಾಸರಕೋಡಿನಲ್ಲೊಬ್ಬರು, ಕುಮಟಾದ ವನ್ನಳ್ಳಿಯಲ್ಲೊಬ್ಬರು, ಭಟ್ಕಳ ಕಡೆ ಒಬ್ಬರು ಎಂದು ಬೇರೆ ಬೇರೆ ತುದಿಯಿಂದ ಹಿಡಿದರೆ ಸ್ವಲ್ಪ ಸರಿಹೋಗುತ್ತದೆ. ಹೆಂಗಸರನ್ನು ಮಾತಾಡಿಸಲೇಬೇಕು. ತಿಂಗಳುಗಟ್ಟಲೆ ಮನೆ ನಡೆಸಿದವರು, ಸಂಘದ ಸಾಲದ ಕಂತು ಕಟ್ಟಿದವರು ಅವರು.

ಕಾಗದಗಳಿಗೆ ಬರೋಣ. ಗಲ್ಫಿನಲ್ಲಿ, ಇರಾನಿನಲ್ಲಿ, ಪಾಕಿಸ್ತಾನದಲ್ಲಿ ಎಷ್ಟು ಭಾರತೀಯ ಮೀನುಗಾರರು ಬಂಧನದಲ್ಲಿದ್ದಾರೆ ಎಂದು ಸಂಸದರು ಕೇಳಿದ ಪ್ರಶ್ನೆಗಳಿಗೆ ವಿದೇಶಾಂಗ ಸಚಿವಾಲಯ ಕೊಟ್ಟ ಉತ್ತರಗಳು ಲೋಕಸಭೆ, ರಾಜ್ಯಸಭೆಗಳ ಜಾಲತಾಣಗಳಲ್ಲಿವೆ, ಪುಕ್ಕಟೆ. ಹೋಲಿಕೆಗೆ ಇದು ಬೇಕು: ಭಾರತ, ಪಾಕಿಸ್ತಾನಗಳು 2008ರ ಒಪ್ಪಂದದಂತೆ ವರ್ಷಕ್ಕೆ ಎರಡು ಬಾರಿ, ಜನವರಿ 1 ಮತ್ತು ಜುಲೈ 1ರಂದು, ಪರಸ್ಪರರ ವಶದಲ್ಲಿರುವ ಕೈದಿಗಳ, ಮೀನುಗಾರರ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಜಗಳವಾಡುವ ದೇಶದ ಜೊತೆ ಇಂಥ ಕಟ್ಟುನಿಟ್ಟು ಇದೆ ಎಂಬುದೇ ವಿಚಿತ್ರ, ಮತ್ತು ಯೋಚಿಸಬೇಕಾದ ವಿಷಯ. ವಲಸೆಯ ಕಡೆಯಿಂದ ನೋಡುವುದಾದರೆ 1983ರ ಎಮಿಗ್ರೇಷನ್ ಕಾಯ್ದೆ ಇದೆ. ಹತ್ತನೇ ಕ್ಲಾಸು ಪಾಸಾಗದವರು ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕಾದ 18 ದೇಶಗಳಲ್ಲಿ ಯುಎಇ ಕೂಡ ಒಂದು. ಅಂಕಿಅಂಶ ಬೇಕೆಂದರೆ ರಿಸರ್ವ್ ಬ್ಯಾಂಕಿನ ಸಮೀಕ್ಷೆ ಇದೆ. 2023–24ರಲ್ಲಿ ಹೊರದೇಶಗಳಿಂದ ಬಂದ ಹಣದಲ್ಲಿ ಕರ್ನಾಟಕದ ಪಾಲು ಶೇ 7.7, ಕೇರಳದ್ದು ಶೇ 19.7. ಕೇರಳದಲ್ಲಿ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ 1998ರಿಂದ 2018ರವರೆಗೆ ಮತ್ತೆ ಮತ್ತೆ ಮನೆಮನೆ ವಲಸೆ ಸಮೀಕ್ಷೆ ನಡೆಸಿತು, ಅದರ ಪ್ರಶ್ನಾವಳಿ ಯಾರಿಗೆ ಬೇಕಾದರೂ ಸಿಗುತ್ತದೆ. ನಮ್ಮ ರಾಜ್ಯ ಅಂಥ ಸಮೀಕ್ಷೆಯನ್ನು ರೂಢಿ ಮಾಡಿಕೊಂಡಿಲ್ಲ. ಬೆಂಗಳೂರಿನ ಐಟಿಯವರ ಡಾಲರೂ ಭಟ್ಕಳದ ದಿರ್ಹಮೂ ಆ ಶೇ 7.7ರಲ್ಲಿ ಒಟ್ಟಿಗೇ ಕಲಸಿಕೊಂಡಿವೆ.

ಪತ್ರಿಕೆಗಳ ಹಳೆಯ ಸಂಚಿಕೆಗಳಿಗಾಗಿ ಕಾರವಾರ, ಶಿರಸಿಯ ಸ್ಥಳೀಯ ದಿನಪತ್ರಿಕೆಗಳನ್ನು ಬಿಡಬಾರದು. ರಾಜಧಾನಿಯ ಇಂಗ್ಲಿಷ್ ಪತ್ರಿಕೆ ಸಚಿವರ ಹೇಳಿಕೆ ಹಾಕಿದ ದಿನ ಇಲ್ಲಿಯ ಪತ್ರಿಕೆ ಮನವಿ ಕೊಟ್ಟವರ ಹೆಸರು ಹಾಕಿರುತ್ತದೆ. ಒಂದೇ ಘಟನೆಗೆ ಎರಡು ಪತ್ರಿಕೆ ಎರಡು ದಿನಾಂಕ ಕೊಟ್ಟಿದ್ದರೆ ಎರಡನ್ನೂ ಬರೆದು, ಯಾವುದನ್ನು ನಂಬಿದಿರಿ, ಏಕೆ ಎಂದು ಒಂದು ಸಾಲು ಸೇರಿಸಿ. ಎಷ್ಟೋ ಪಿಎಚ್.ಡಿ. ಪ್ರಬಂಧಗಳಲ್ಲಿ ಈ ಒಂದು ಸಾಲು ಇರುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ, 30 ದಿನ. ‘ಎಲ್ಲ ಮಾಹಿತಿ ಕೊಡಿ’ ಎಂದರೆ ಏನೂ ಬರುವುದಿಲ್ಲ. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಬಂದರ್ ಅಬ್ಬಾಸಿನ ಕಾನ್ಸುಲೇಟ್ ಅಧಿಕಾರಿಗಳು ಈ ಮೀನುಗಾರರನ್ನು ಎಷ್ಟು ಬಾರಿ ಭೇಟಿ ಮಾಡಿದರು, ದಿನಾಂಕ ಕೊಡಿ ಎಂದು ಕೇಳಬೇಕು. ಕಾಯ್ದೆಯ 8(1)(ಎ) ಪ್ರಕಾರ ಹೊರದೇಶದ ಜೊತೆಗಿನ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿ ಕೊಡಬೇಕಾಗಿಲ್ಲ. ವಿದೇಶಿ ಸರ್ಕಾರ ಗುಟ್ಟಾಗಿ ಹೇಳಿದ್ದು 8(1)(ಎಫ್)ನಲ್ಲಿ ಹೊರಗುಳಿಯುತ್ತದೆ. ಹಾಗಾಗಿ ಇರಾನ್ ಏನು ಹೇಳಿತು ಎಂದು ಕೇಳಬೇಡಿ, ನಮ್ಮವರು ಏನು ಮಾಡಿದರು ಎಂದು ಕೇಳಿ. ಅರ್ಜಿ ಮೊದಲ ತಿಂಗಳಲ್ಲೇ ಹೋಗಬೇಕು, ಮೇಲ್ಮನವಿಗೆ ಸಮಯ ಉಳಿಯಬೇಕು.

ಕಡಲು, ಗಲ್ಫು ಬೇಡ ಎನ್ನುವವರಿಗೆ ಈ ಕರಾವಳಿಯಲ್ಲಿ ಬೇರೆಯದೂ ಇದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿದ್ದ ಕಾಲದಲ್ಲಿ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ‘ಕುಮಟಾ’ ಒಂದು ಹತ್ತಿಯ ಹೆಸರಾಗಿತ್ತು. ಅಮೆರಿಕದ ಅಂತರ್ಯುದ್ಧ ನಡೆದಿದ್ದಾಗಲೇ, 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬಯಿಯ ಹತ್ತಿ ವ್ಯಾಪಾರಿಗಳ ಕಣ್ಣು ಕಾರವಾರದ ಬಂದರಿನ ಮೇಲಿತ್ತು. 1883ರ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟದಿಂದ ಶುರು ಮಾಡಬಹುದು. ಗೇರುಸೊಪ್ಪೆಯ ಚೆನ್ನಭೈರಾದೇವಿ, ಕಾಳುಮೆಣಸು, ಪೋರ್ಚುಗೀಸರು ಎಂಬುದು ಎಲ್ಲರಿಗೂ ಇಷ್ಟವಾಗುವ ವಿಷಯ, ಆದರೆ ಮೂಲ ದಾಖಲೆಗಳು ಪಣಜಿಯ ಪತ್ರಾಗಾರದಲ್ಲಿ ಪೋರ್ಚುಗೀಸ್ ಭಾಷೆಯಲ್ಲಿವೆ. ಆ ಭಾಷೆ ಕಲಿಯದೆ ಕೈ ಹಾಕಿದರೆ ಬಿ.ಎಸ್. ಶಾಸ್ತ್ರಿಯವರ ಗೋವಾ–ಕೆನರಾ ಸಂಬಂಧದ ಪುಸ್ತಕವನ್ನು ಬೇರೆ ಮಾತಿನಲ್ಲಿ ಬರೆದಂತಾಗುತ್ತದೆ.

ಇನ್ನು ವೈವಾ. ಹೊರಗಿನಿಂದ ಬಂದ ಪರೀಕ್ಷಕರು ವರದಿ ತಿರುವಿಹಾಕಿ ಕೇಳುವ ಮೊದಲ ಪ್ರಶ್ನೆ ಬಹುತೇಕ ಇದೇ ಆಗಿರುತ್ತದೆ: ಎಲ್ಲ ನಮ್ಮ ಕಡೆಯ ಮಾತೇ ಆಯಿತಲ್ಲ, ಇರಾನಿನ ಕಡೆಯದು ಎಲ್ಲಿದೆ? ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. ಫಾರ್ಸಿ ದಾಖಲೆ ಓದಲು ನನಗೆ ಬರುವುದಿಲ್ಲ, ಅದನ್ನು ಮೊದಲ ಅಧ್ಯಾಯದಲ್ಲೇ ಬರೆದಿದ್ದೇನೆ ಸರ್; ಸಚಿವಾಲಯಕ್ಕೆ ಹಾಕಿದ ಅರ್ಜಿ, ಅವರು 8(1)(ಎ) ಎಂದು ಬರೆದು ಕೊಡದೆ ಬಿಟ್ಟ ಭಾಗ, ಕೊಟ್ಟ ಭಾಗ, ಮೂರೂ ಅನುಬಂಧದಲ್ಲಿವೆ ಎಂದು ಹೇಳಿ, ಆ ಪುಟ ತೆಗೆದು ಅವರ ಮುಂದಿಡಬೇಕು.